ಗೋಡೆಯ ಬೂಸ್ಟು: ಬಣ್ಣದ ಡಬ್ಬಿ ತೆರೆಯುವ ಮೊದಲು ನೀರಿನ ದಾರಿ ಹುಡುಕಿ

ಆಗಸ್ಟ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಬೂಸ್ಟಿನ ಕುರಿತಾಗಿರುತ್ತವೆ. ಮುಂಬಯಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ಅಷ್ಟು ನೀರು ನಾಲ್ಕು ತಿಂಗಳು ಒಂದೇ ಸಮನೆ ಹೊಡೆದರೆ ಯಾವ ಗೋಡೆಯಾದರೂ ಎಲ್ಲೋ ಒಂದು ಕಡೆ ಸೋಲುತ್ತದೆ. ಮುಲುಂಡಿನಿಂದ ಕಲ್ಯಾಣದವರೆಗೆ ಕಟ್ಟಡ ದುರಸ್ತಿಯ ಕೆಲಸ ಮಾಡಿಸಿಯೇ ನಾನು ನಿವೃತ್ತನಾದವನು. ಆ ಅನುಭವದ ಬಲದಿಂದ ಈ ಬಾರಿಯ ಪುಟವನ್ನು ಪೂರ್ತಿ ಬೂಸ್ಟಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ಡೊಂಬಿವಲಿ ಪೂರ್ವದಲ್ಲಿ ಮೂರನೆಯ ಮಹಡಿಯ ಮನೆ ನಮ್ಮದು. ಮಲಗುವ ಕೋಣೆಯ ಪಶ್ಚಿಮದ ಗೋಡೆಯಲ್ಲಿ ಪ್ರತಿ ಮಳೆಗಾಲ ಕಪ್ಪು ಚುಕ್ಕೆಗಳು ಏಳುತ್ತವೆ. ಬಟ್ಟೆಯ ಕಪಾಟಿನ ಹಿಂದೆ ಹಸಿರು ಬೂಸ್ಟು. ದೀಪಾವಳಿಗೆ ಬಣ್ಣ ಬಳಿಸುತ್ತೇವೆ, ಜುಲೈಯಲ್ಲಿ ಮತ್ತೆ ಅದೇ ಕಥೆ. ಕಳೆದ ವರ್ಷ ತೇವ ತಡೆಯುತ್ತದೆಂದು ದುಬಾರಿ ಬಣ್ಣವನ್ನೇ ಹಾಕಿಸಿದೆವು. ಈ ಸಲ ಅದು ಗುಳ್ಳೆ ಎದ್ದು ಹಾಳೆ ಹಾಳೆಯಾಗಿ ಉದುರುತ್ತಿದೆ. ಮಗನಿಗೆ ರಾತ್ರಿ ಕೆಮ್ಮು, ಉಬ್ಬಸ. ಏನು ಮಾಡಬೇಕು?
— ಗೃಹಿಣಿ, ಡೊಂಬಿವಲಿ

ಉತ್ತರ: ತಾಯೀ, ಈ ಪತ್ರಿಕೆ ಕೈಗೆ ಬಂದ ದಿನವೇ ಮಗನ ಹಾಸಿಗೆಯನ್ನು ಆ ಕೋಣೆಯಿಂದ ತೆಗೆಯಿರಿ. ಗೋಡೆಯ ಮಾತು ಆಮೇಲೆ. ಒದ್ದೆ ಮನೆಗೂ ಬೂಸ್ಟಿಗೂ ಉಬ್ಬಸಕ್ಕೂ ಇರುವ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಒಂದು ಮಾರ್ಗಸೂಚಿಯಾಗಿ ಪ್ರಕಟಿಸಿದೆ. ಮಗುವನ್ನು ವೈದ್ಯರಿಗೆ ತೋರಿಸುವಾಗ ಮನೆಯಲ್ಲಿ ಬೂಸ್ಟು ಇರುವುದನ್ನೂ ಹೇಳಿ. ಎಷ್ಟೋ ತಾಯಂದಿರು ಇದನ್ನು ಹೇಳುವುದೇ ಇಲ್ಲ, ವೈದ್ಯರು ಕೇಳುವುದೂ ಇಲ್ಲ. ಕಪ್ಪು ಬೂಸ್ಟು ವಿಷ, ಹಸಿರಾದರೆ ಪರವಾಗಿಲ್ಲ ಎಂಬ ಮಾತಿಗೆ ಕಿವಿಗೊಡಬೇಡಿ. ಬಣ್ಣ ನೋಡಿ ಅದರ ಗುಣ ಹೇಳಲು ಬರುವುದಿಲ್ಲ. ಯಾವುದಾದರೂ ಮಗುವಿನ ಉಸಿರಿಗೆ ಒಳ್ಳೆಯದಲ್ಲ.

ಈಗ ಗೋಡೆ. ಬೂಸ್ಟಿನ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ಅವನ್ನು ಯಾರೂ ತಡೆಯಲಾರರು. ಅವುಗಳಿಗೆ ಬೇಕಾದ ಆಹಾರವೂ ನಮ್ಮ ಮನೆಗಳಲ್ಲಿ ಧಾರಾಳ: ಧೂಳು, ಡಿಸ್ಟೆಂಪರಿನ ಅಂಟು, ಕಪಾಟಿನ ಬೆನ್ನಿಗೆ ಹೊಡೆದ ಪ್ಲೈವುಡ್. ನಮ್ಮ ಹತೋಟಿಯಲ್ಲಿರುವುದು ನೀರು ಮಾತ್ರ. ಒದ್ದೆಯಾದ ಜಾಗ ಒಂದೆರಡು ದಿನ ಒಣಗದೆ ಉಳಿದರೆ ಸಾಕು, ಬೂಸ್ಟು ಬೇರುಬಿಡತೊಡಗುತ್ತದೆ. ಆದ್ದರಿಂದ ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದೆ ಒಂದು ರೂಪಾಯಿಯ ಬಣ್ಣವನ್ನೂ ಕೊಳ್ಳಬೇಡಿ.

ಪತ್ತೆ ಹಚ್ಚಲು ಖರ್ಚಿಲ್ಲದ ಒಂದು ಉಪಾಯವಿದೆ. ಕಪಾಟನ್ನು ಸರಿಸಿ, ಗೋಡೆಯ ಒಂದು ಭಾಗವನ್ನು ಒಣಬಟ್ಟೆಯಿಂದ ಒರೆಸಿ, ಅಂಗೈ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಾಕಿ ಗಾಳಿಯಾಡದಂತೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆ ಹನಿ ಇದ್ದರೆ ಕೋಣೆಯ ಗಾಳಿಯೇ ತಣ್ಣನೆಯ ಗೋಡೆಗೆ ತಗುಲಿ ನೀರಾಗುತ್ತಿದೆ. ಇನ್ನೊಂದು ವಿಷಯ. ಗೋಡೆಯ ಬುಡದಲ್ಲಿ ಹತ್ತಿಯಂತೆ ಬೆಳ್ಳಗೆ ಎದ್ದಿರುವುದು ಬೂಸ್ಟೇ ಆಗಿರಬೇಕೆಂದಿಲ್ಲ. ಇಟ್ಟಿಗೆ, ಸಿಮೆಂಟಿನ ಉಪ್ಪು ತೇವದ ಜೊತೆ ಹೊರಬಂದು ಹಾಗೆ ಅರಳುತ್ತದೆ. ನೀರು ಸೋಕಿಸಿದರೆ ಉಪ್ಪು ಕರಗುತ್ತದೆ, ಬೂಸ್ಟು ಕರಗುವುದಿಲ್ಲ.

ನೀವು ಬರೆದಿರುವ ಲಕ್ಷಣ ನೋಡಿದರೆ ನೀರು ಹೊರಗಿನಿಂದ ಬರುತ್ತಿದೆ ಎಂದು ನನ್ನ ಎಣಿಕೆ. ನಮ್ಮ ಮಳೆಯ ಗಾಳಿ ನೈಋತ್ಯದಿಂದ ಬೀಸುವುದರಿಂದ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ ಏಟು ಹೆಚ್ಚು. ಕಾಂಕ್ರೀಟಿನ ಕಂಬ-ತೊಲೆಗೂ ಇಟ್ಟಿಗೆ ಗೋಡೆಗೂ ನಡುವೆ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಅದು ಕೆಳಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಕಿಟಕಿಯ ಮೇಲಿನ ಛಜ್ಜಾದ ಮೂಲೆ, ಕಿಟಕಿಯ ಚೌಕಟ್ಟಿನ ಸುತ್ತಲಿನ ಸಂದು, ಗ್ರಿಲ್ಲಿನಲ್ಲಿಟ್ಟ ಹೂಕುಂಡಗಳಿಂದ ಇಳಿಯುವ ನೀರು, ಹವಾನಿಯಂತ್ರಕದ ಕೊಳವೆಗೆ ಕೊರೆದ ತೂತು, ಇವಿಷ್ಟನ್ನೂ ಮಳೆ ಹೊಡೆಯುವಾಗ ಒಂದೊಂದಾಗಿ ನೋಡಿ. ಆ ತೂತು ಹೊರಕ್ಕೆ ಇಳಿಜಾರಾಗಿರಬೇಕು. ಒಳಕ್ಕೆ ಇಳಿಜಾರಾಗಿ ಕೊರೆದು ಹೋಗುವ ಕೆಲಸಗಾರರನ್ನು ಬೇಕಾದಷ್ಟು ಕಂಡಿದ್ದೇನೆ. ಆ ಒಂದು ತಪ್ಪಿನಿಂದ ಮಳೆನೀರು ನೇರ ಮನೆಯೊಳಗೆ ಇಳಿಯುತ್ತದೆ.

ಒಳಗಿನಿಂದ ತೇವ ತಡೆಯುವ ಬಣ್ಣ ಏಕೆ ಉದುರಿತು ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ನೀರು ಹೊರಗಿನಿಂದ ಬರುತ್ತಲೇ ಇದೆ, ನೀವು ಅದರ ಎದುರು ಒಂದು ಪೊರೆ ಎಳೆದಿರಿ. ಹೋಗಲು ದಾರಿ ಇಲ್ಲದ ನೀರು ಆ ಪೊರೆಯನ್ನೇ ಎಬ್ಬಿಸಿತು. ದೀಪಾವಳಿಯ ಹೊತ್ತಿಗೆ ಗೋಡೆಯ ಮೇಲ್ಮೈ ಒಣಗಿದಂತೆ ಕಂಡರೂ ಒಳಗಿನ ತೇವ ಆರಿರುವುದಿಲ್ಲ. ಹಬ್ಬಕ್ಕೆ ಮನೆ ಚೆಂದ ಕಾಣಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಆ ಒಂದು ಗೋಡೆಯನ್ನು ಈ ವರ್ಷ ಹಾಗೆಯೇ ಬಿಡಿ. ಗುಳ್ಳೆ ಎದ್ದ ಬಣ್ಣ, ಪುಟ್ಟಿಯನ್ನೆಲ್ಲ ಕೆರೆಸಿ, ಗೋಡೆ ಬರಿಮೈಯಲ್ಲಿ ಉಸಿರಾಡಲಿ. ನವೆಂಬರಿನಿಂದ ಹೊರಗಿನ ಬಿರುಕುಗಳನ್ನು ಅಗಲಿಸಿ, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿಸಿ, ಮೇಲೆ ಹೊರಗೋಡೆಗೆಂದೇ ಇರುವ ಹಿಗ್ಗುವ ಬಣ್ಣ ಹೊಡೆಸಬೇಕು. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಜನವರಿಯಲ್ಲಿ ಮತ್ತೆ ಮಾಡಿ, ಹನಿ ಕೂರದಿದ್ದರೆ ಆಗ ಒಳಗಿನ ಬಣ್ಣ. ಹೊರಗೋಡೆಯ ಕೆಲಸದ ಖರ್ಚು ಯಾರದ್ದು ಎಂಬುದನ್ನು ಮುಂದಿನ ಉತ್ತರದಲ್ಲಿ ಓದಿ.

ಅಲ್ಲಿಯವರೆಗೆ ಗೋಡೆಯಲ್ಲಿರುವ ಬೂಸ್ಟನ್ನು ತೆಗೆಯಬೇಕಲ್ಲ. ಮೂರಡಿ ಉದ್ದ, ಮೂರಡಿ ಅಗಲಕ್ಕಿಂತ ಕಡಿಮೆ ಇದ್ದರೆ ಮನೆಯವರೇ ಮಾಡಬಹುದು, ಅದಕ್ಕೂ ಮಿಕ್ಕಿದರೆ ಅರಿತವರನ್ನು ಕರೆಸಿ. ಮಗ ಮನೆಯಲ್ಲಿಲ್ಲದ ಹೊತ್ತು ನೋಡಿಕೊಳ್ಳಿ. ಉಬ್ಬಸ ಇರುವವರು ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು. ಎನ್-95 ಮುಖಗವಸು, ರಬ್ಬರಿನ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ, ಫ್ಯಾನ್ ಆರಿಸಿ. ಒಣಗಿದ ಬೂಸ್ಟಿಗೆ ಪೊರಕೆ ಹಾಕುವುದು ದೊಡ್ಡ ತಪ್ಪು. ಅದರಿಂದ ಬೀಜಕಣಗಳು ಇಡೀ ಮನೆಗೆ ಹಾರುತ್ತವೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಒದ್ದೆ ಮಾಡಿಯೇ ಉಜ್ಜಿ ತೆಗೆಯಿರಿ. ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಸತ್ತ ಬೂಸ್ಟೂ ಅಲರ್ಜಿ ತರುತ್ತದೆ, ಆದ್ದರಿಂದ ಔಷಧ ಸಿಂಪಡಿಸಿ ಹಾಗೆಯೇ ಬಿಟ್ಟರೆ ಕೆಲಸ ಮುಗಿದಂತಲ್ಲ. ಅದನ್ನು ಅಲ್ಲಿಂದ ಕಿತ್ತು ತೆಗೆಯಲೇಬೇಕು.

ಕಪಾಟನ್ನು ಮತ್ತೆ ಇಡುವಾಗ ಹೊರಗೋಡೆಗೆ ಒತ್ತಿಸಬೇಡಿ. ಒಳಗಿನ ಅಡ್ಡಗೋಡೆಗೆ ಇಡಲು ಜಾಗವಿದ್ದರೆ ಉತ್ತಮ, ಇಲ್ಲದಿದ್ದರೆ ಮೂರು ಬೆರಳಿನಷ್ಟಾದರೂ ಸಂದು ಬಿಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಬಚ್ಚಲಿನ ಪಕ್ಕದ ಕೋಣೆಯ ಮಾಡು ವರ್ಷವಿಡೀ ಒದ್ದೆ, ಕಂದು ಕಲೆ, ಅದರ ಸುತ್ತ ಬೂಸ್ಟು. ಮೇಲಿನ ಮನೆಯವರಿಗೆ ಹೇಳಿದರೆ "ಮಳೆಯ ನೀರು, ಕಟ್ಟಡದ ಸಂಘವನ್ನು ಕೇಳಿ" ಎನ್ನುತ್ತಾರೆ. ಸಂಘದ ಕಾರ್ಯದರ್ಶಿಗಳು "ಅವರ ಬಚ್ಚಲಿನ ನೀರು, ಅವರನ್ನೇ ಕೇಳಿ" ಎನ್ನುತ್ತಾರೆ.
— ಘಾಟ್‌ಕೋಪರ್

ಉತ್ತರ: ಮಾಸ್ತರರೇ, ವರ್ಷವಿಡೀ ಒದ್ದೆ ಎಂದಿದ್ದೀರಿ. ಏಪ್ರಿಲಿನಲ್ಲೂ ಒದ್ದೆ ಇದ್ದರೆ ಅದಕ್ಕೂ ಮಳೆಗೂ ಸಂಬಂಧವಿಲ್ಲ. ಇನ್ನೂ ಖಚಿತವಾಗಬೇಕಾದರೆ ಮೂರು ಪರೀಕ್ಷೆಗಳಿವೆ. ಮೇಲಿನ ಮನೆಯವರು ನಾಲ್ಕು ದಿನ ಊರಿಗೆ ಹೋಗಿ ಬಚ್ಚಲು ಬಳಸದಿದ್ದಾಗಲೂ ಕಲೆ ಆರದಿದ್ದರೆ ನಲ್ಲಿಗೆ ನೀರು ತರುವ ಕೊಳವೆ ಸೋರುತ್ತಿದೆ. ಆರಿದರೆ ನೆಲ ಅಥವಾ ಹೊರಹೋಗುವ ಕೊಳವೆ. ಆಗ ಬಚ್ಚಲಿನ ನಹಾನಿ ಟ್ರ್ಯಾಪಿಗೆ (ನೆಲದ ನೀರು ಹೊರಹೋಗುವ ಬಾಯಿಗೆ) ಬಿರಡೆ ಹಾಕಿ, ನೆಲದಲ್ಲಿ ಒಂದೆರಡು ಅಂಗುಲ ನೀರು ನಿಲ್ಲಿಸಿ 24 ಗಂಟೆ ಬಿಡಬೇಕು. ನಿಮ್ಮ ಮಾಡಿನ ಕಲೆ ಹಿಗ್ಗಿದರೆ ನೆಲದ ನೀರುನಿರೋಧಕ ಪದರ ಕೆಟ್ಟಿದೆ. ಹಿಗ್ಗದಿದ್ದರೆ ಬಣ್ಣ ಕಲಸಿದ ನೀರನ್ನು ನಹಾನಿ ಟ್ರ್ಯಾಪಿಗೆ ಸುರಿದು ನೋಡಿ. ಬಣ್ಣ ಕೆಳಗೆ ಇಳಿದರೆ ಟ್ರ್ಯಾಪಿನ ಸುತ್ತಲಿನ ಜೋಡಣೆ ಬಿಟ್ಟಿದೆ. ಹಳೆಯ ಕಟ್ಟಡಗಳಲ್ಲಿ ನಾನು ಕಂಡ ಸೋರಿಕೆಗಳಲ್ಲಿ ಹೆಚ್ಚಿನವು ಈ ಜೋಡಣೆಯವೇ. ಇಡೀ ಬಚ್ಚಲು ಒಡೆಯದೆ ಅಷ್ಟನ್ನೇ ಸರಿಪಡಿಸಬಹುದು. ಇದನ್ನು ಮೇಲಿನ ಮನೆಯವರಿಗೆ ಮೊದಲೇ ಹೇಳಿ. ಬಚ್ಚಲು ಪೂರ್ತಿ ಒಡೆಯಬೇಕಾದೀತೆಂಬ ಹೆದರಿಕೆಯಿಂದಲೇ ಅನೇಕರು ಬಾಗಿಲು ತೆರೆಯುವುದಿಲ್ಲ.

ಖರ್ಚಿನ ವಿಷಯ: ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪನಿಯಮಗಳ ಪ್ರಕಾರ ಹೊರಗೋಡೆ, ತಾರಸಿ, ಮಳೆನೀರಿನ ಸೋರಿಕೆ, ಹೊರಗಿನ ಸಾಮೂಹಿಕ ಕೊಳವೆಗಳು ಸಂಘದ ಹೊಣೆ. ಮನೆಯೊಳಗಿನ ಶೌಚಾಲಯ, ಸಿಂಕ್ ಇತ್ಯಾದಿಗಳ ಸೋರಿಕೆ ಆಯಾ ಸದಸ್ಯರ ಹೊಣೆ. ನಿಮ್ಮ ಸಂಘ ಅಂಗೀಕರಿಸಿರುವ ಪ್ರತಿಯನ್ನು ಒಮ್ಮೆ ತರಿಸಿ ಓದಿ. ಡೊಂಬಿವಲಿಯ ತಾಯಿಯವರಿಗೂ ಇದು ಅನ್ವಯಿಸುತ್ತದೆ. ಅವರ ಪಶ್ಚಿಮದ ಹೊರಗೋಡೆಯ ದುರಸ್ತಿಯನ್ನು ಸಂಘವೇ ಮಾಡಿಸಿಕೊಡಬೇಕು. ಬಾಯಿಮಾತು ಬೇಡ. ತಾರೀಖು ಹಾಕಿದ ಫೋಟೋಗಳ ಸಮೇತ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಸಂಘ, ನೀವು, ಮೇಲಿನವರು ಮೂವರೂ ನಿಂತು ನೀರು ನಿಲ್ಲಿಸುವ ಪರೀಕ್ಷೆ ಮಾಡಿದರೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ನನಗೆ ಬೂಸ್ಟಿಗಿಂತಲೂ ಆ ಕಂದು ಕಲೆಯ ಚಿಂತೆ ಹೆಚ್ಚು. ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದಾಗ ಕಾಂಕ್ರೀಟನ್ನು ಸೀಳುತ್ತದೆ. ಉದ್ದನೆಯ ಕೋಲಿನಿಂದ ಮಾಡನ್ನು ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಅದರ ಕೆಳಗೆ ಯಾರೂ ಮಲಗಬಾರದು, ಕೂಡಲೇ ಸ್ಟ್ರಕ್ಚರಲ್ ಎಂಜಿನಿಯರರಿಗೆ ತೋರಿಸಿ. 15ರಿಂದ 30 ವರ್ಷದ ಕಟ್ಟಡಗಳನ್ನು ಐದು ವರ್ಷಕ್ಕೊಮ್ಮೆ, 30 ದಾಟಿದವನ್ನು ಮೂರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕೆಂದು ಅದೇ ಮಾದರಿ ಉಪನಿಯಮಗಳಲ್ಲಿದೆ. ನಿಮ್ಮ ಸಂಘ ಕೊನೆಯದಾಗಿ ಯಾವಾಗ ಮಾಡಿಸಿತು ಎಂದು ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಬಚ್ಚಲಿನ ಟೈಲ್ಸಿನ ಸಂದಿನ ಕಪ್ಪು ಹೋಗಲು ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ದ್ರಾವಣ ಬೆರೆಸಿದರೆ ಬೇಗ ಹೋಗುತ್ತದೆಂದು ಪಕ್ಕದ ಮನೆಯವರು ಹೇಳುತ್ತಾರೆ. ಹೌದೇ?
— ಮುಲುಂಡ್

ಉತ್ತರ: ಖಂಡಿತ ಬೆರೆಸಬೇಡಿ, ಪಕ್ಕದ ಮನೆಯವರಿಗೂ ಇವತ್ತೇ ಹೇಳಿ. ಟಾಯ್ಲೆಟ್ ದ್ರಾವಣಗಳಲ್ಲಿ ಹೆಚ್ಚಿನವುಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದು ಬ್ಲೀಚಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ, ಜೀವಕ್ಕೂ ಅಪಾಯ. ವಿನೆಗರ್, ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಕೂಡ ಬ್ಲೀಚಿನ ಹತ್ತಿರ ಬರಬಾರದು. ಟೈಲ್ಸಿಗೆ ಮೊದಲು ಸೋಪು ಮತ್ತು ಬ್ರಷ್. ಆಮೇಲೂ ಕಪ್ಪು ಉಳಿದರೆ ಒಂದು ಲೀಟರ್ ನೀರಿಗೆ ಸುಮಾರು 60 ಮಿಲಿಲೀಟರ್ ಬ್ಲೀಚ್ ಬೆರೆಸಿ, ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕಿಟಕಿ ತೆರೆದಿರಲಿ. ಟೈಲ್ಸ್, ಗಾಜಿನಂಥ ನೀರು ಹೀರದ ಮೇಲ್ಮೈಗೆ ಮಾತ್ರ ಇದು ಸರಿ. ಗಾರೆಯ ಗೋಡೆಗೂ ಮರಕ್ಕೂ ಬ್ಲೀಚ್ ಹಚ್ಚಿದರೆ ಮೇಲಿನ ಬಣ್ಣ ಬಿಳಿಚುತ್ತದೆ, ಒಳಗಿನ ಬೂಸ್ಟಿನ ಎಳೆಗಳು ಉಳಿಯುತ್ತವೆ, ಜೊತೆಗೆ ಗೋಡೆ ಇನ್ನಷ್ಟು ನೀರು ಕುಡಿಯುತ್ತದೆ.

ಪ್ರಶ್ನೆ: ತಂದೆಯವರು ಬಿಟ್ಟುಹೋದ ಕನ್ನಡ ಪುಸ್ತಕಗಳು ಎರಡು ಕಪಾಟು ತುಂಬ ಇವೆ. ಹಳೆಯ ರಟ್ಟಿನ ಮೇಲೆಲ್ಲ ಬೂದು ಬೂಸ್ಟು, ಮುಗ್ಗಲು ವಾಸನೆ. ತಾಯಿಯ ರೇಷ್ಮೆ ಸೀರೆಗಳಲ್ಲೂ ಚುಕ್ಕೆಗಳು. ಬಿಸಾಡಲು ಮನಸ್ಸಿಲ್ಲ.
— ಮಾಟುಂಗಾ

ಉತ್ತರ: ಬಿಸಾಡುವ ಮಾತೇ ಬೇಡ. ಮುಂಬಯಿಯಲ್ಲಿ ಕನ್ನಡ ಪುಸ್ತಕ ಕೂಡಿಟ್ಟ ತಲೆಮಾರು ಎಷ್ಟು ಕಷ್ಟದಲ್ಲಿ ಕೂಡಿಟ್ಟಿತೆಂದು ನಾನು ಬಲ್ಲೆ. ಹೋಟೆಲಿನ ಕೆಲಸ ಮುಗಿಸಿ ರಾತ್ರಿಶಾಲೆಯಲ್ಲಿ ಕಲಿತವರು ಸಂಬಳದಲ್ಲಿ ಉಳಿಸಿ ಕೊಂಡ ಪುಸ್ತಕಗಳು ಈ ಊರಿನ ಎಷ್ಟೋ ಮನೆಗಳಲ್ಲಿವೆ. ಅವುಗಳಲ್ಲಿ ಹಲವು ಈಗ ಅಂಗಡಿಯಲ್ಲಿ ಸಿಗುವುದಿಲ್ಲ.

ಪುಸ್ತಕದ ವಿಷಯದಲ್ಲಿ ಕ್ರಮ ಗೋಡೆಯದ್ದಕ್ಕೆ ತಿರುಗುಮುರುಗು: ಇಲ್ಲಿ ಮೊದಲು ಒಣಗಿಸಬೇಕು, ಆಮೇಲೆ ಒರೆಸಬೇಕು. ಹಸಿ ಬೂಸ್ಟನ್ನು ಉಜ್ಜಿದರೆ ಅದು ಕಾಗದದೊಳಗೆ ಇಳಿದು ಕಲೆ ಶಾಶ್ವತವಾಗುತ್ತದೆ. ಪುಸ್ತಕಗಳನ್ನು ಬೀಸಣಿಗೆಯಂತೆ ಹಾಳೆ ಬಿಡಿಸಿ ನಿಲ್ಲಿಸಿ, ನೆರಳಿನಲ್ಲಿ, ಒಣ ಗಾಳಿಯಲ್ಲಿ ಕೆಲವು ದಿನ ಬಿಡಿ. ಮಳೆಗಾಲದಲ್ಲಾದರೆ ಹವಾನಿಯಂತ್ರಕವನ್ನು ತೇವ ತೆಗೆಯುವ ಸ್ಥಿತಿಯಲ್ಲಿಟ್ಟ ಕೋಣೆಯೇ ಒಳ್ಳೆಯದು. ಬೂಸ್ಟು ಪುಡಿಯಂತಾದ ಮೇಲೆ ಮುಖಗವಸು ಹಾಕಿಕೊಂಡು, ಬಾಲ್ಕನಿಯಲ್ಲಿ, ಮೆತ್ತನೆಯ ಬಣ್ಣದ ಕುಂಚದಿಂದ ಬೆನ್ನಿನಿಂದ ಹೊರಕ್ಕೆ ಗುಡಿಸಿ. ಕಡು ಬಿಸಿಲು ಬೇಡ, ಹಳೆಯ ಕಾಗದ ಗರಿಗರಿಯಾಗಿ ಮುರಿಯುತ್ತದೆ. ಪೂರ್ತಿ ನೆನೆದು ಹಾಳೆ ಅಂಟಿಕೊಂಡ ಪುಸ್ತಕವಿದ್ದರೆ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಬೂಸ್ಟಿನ ಬೆಳವಣಿಗೆ ಅಲ್ಲಿ ನಿಲ್ಲುತ್ತದೆ, ನಿಮಗೆ ಬಿಡುವಾದಾಗ ಒಂದೊಂದಾಗಿ ತೆಗೆದು ಒಣಗಿಸಬಹುದು. ಗ್ರಂಥಾಲಯಗಳೂ ಪ್ರವಾಹದ ನಂತರ ಹೀಗೆಯೇ ಮಾಡುತ್ತವೆ.

ಕಪಾಟಿನಲ್ಲಿ ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ, ಹಿಂದೆ ಗಾಳಿಗೆ ಸಂದು ಇರಲಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡುವುದಾದರೆ ಕಿತ್ತಳೆ ಬಣ್ಣದ ಹರಳು ಕೊಳ್ಳಿ, ನೀಲಿ ಹರಳಿನಲ್ಲಿ ಆರೋಗ್ಯಕ್ಕೆ ಒಳ್ಳೆಯದಲ್ಲದ ಕೋಬಾಲ್ಟ್ ಇರುತ್ತದೆ. ಬಣ್ಣ ಬದಲಾದಾಗ ಅದು ತುಂಬಿತೆಂದು ಅರ್ಥ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ, ಆದರೆ ಅಡುಗೆಯ ಪಾತ್ರೆಯಲ್ಲಿ ಬೇಡ. ಬೇವಿನ ಎಲೆ, ಕರ್ಪೂರ, ನುಸಿಗುಳಿಗೆ ಹುಳಕ್ಕೆ ಸರಿಯೇ ಹೊರತು ತೇವ ಹೀರುವುದಿಲ್ಲ. ನುಸಿಗುಳಿಗೆಯನ್ನು ಹಸುಗೂಸುಗಳ ಬಟ್ಟೆಯಲ್ಲಿ ಇಡಲೇಬಾರದು. ಕೆಲವು ಮಕ್ಕಳಿಗೆ ಅದರ ಆವಿಯಿಂದ ರಕ್ತಕಣಗಳು ಒಡೆಯುತ್ತವೆ.

ಸೀರೆಗಳನ್ನು ಮನೆಯಲ್ಲಿ ಉಜ್ಜದೆ ಡ್ರೈ ಕ್ಲೀನಿಂಗಿಗೆ ಕೊಡಿ, ಬೂಸ್ಟಿನ ಕಲೆ ಎಂದು ಹೇಳಿಯೇ ಕೊಡಿ. ಮರಳಿ ಬಂದ ಮೇಲೆ ಪ್ಲಾಸ್ಟಿಕ್ ಹೊದಿಕೆ ತೆಗೆದು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಮಡಿಕೆಯನ್ನು ಆಗಾಗ ಬದಲಿಸಿ.

ಪ್ರಶ್ನೆ: ಮನೆಯಲ್ಲಿ ಎಲ್ಲೂ ಸೋರುವುದಿಲ್ಲ. ಆದರೂ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಸೋಫಾ ಎಲ್ಲದಕ್ಕೂ ಬೂಸ್ಟು. ಕಿಟಕಿಗಳನ್ನು ಹಗಲಿಡೀ ತೆರೆದಿಡುತ್ತೇವೆ.
— ವಸಾಯಿ

ಉತ್ತರ: ಕಿಟಕಿ ತೆರೆದಿಡಿ ಎಂಬ ಬುದ್ಧಿವಾದ ಒಣ ಹವೆಯ ಊರಿಗೆ ಸರಿ. ಜುಲೈಯಲ್ಲಿ ನಮ್ಮಲ್ಲಿ ಹೊರಗಿನ ಗಾಳಿಯ ತೇವಾಂಶ ಬಹುಪಾಲು ಶೇಕಡಾ 80ಕ್ಕಿಂತ ಮೇಲೇ ಇರುತ್ತದೆ. ಮಳೆ ಸುರಿಯುವಾಗ ಕಿಟಕಿ ತೆರೆದರೆ ಆ ತೇವವನ್ನೇ ಒಳಗೆ ಕರೆದಂತೆ. ಮಳೆ ಬಿಟ್ಟು ಬಿಸಿಲು ಬಂದ ಹೊತ್ತಿನಲ್ಲಿ ಎದುರುಬದುರು ಕಿಟಕಿ ತೆರೆಯಿರಿ, ಮತ್ತೆ ಮುಚ್ಚಿ.

ಅದರ ಮೇಲೆ ನಾವೇ ಒಳಗೆ ಎಷ್ಟು ನೀರು ಹುಟ್ಟಿಸುತ್ತೇವೆ ನೋಡಿ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವ ಹೊತ್ತಿಗೆ ಇಪ್ಪತ್ತು ಲೀಟರಿಗೂ ಹೆಚ್ಚು! ಕುಕ್ಕರಿನ, ಕುಚ್ಚಲಕ್ಕಿ ಬೇಯಿಸುವ ಹಬೆ, ಬಿಸಿನೀರ ಸ್ನಾನ, ಹಜಾರದಲ್ಲಿ ಹಗ್ಗ ಕಟ್ಟಿ ಒಣಗಿಸುವ ಬಟ್ಟೆ, ಇವು ಬೇರೆ. ಅಡುಗೆಮನೆ ಮತ್ತು ಬಚ್ಚಲಿಗೆ ಹೊರಕ್ಕೆ ಗಾಳಿ ತಳ್ಳುವ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಕೆಲಸ ಮುಗಿದ ಮೇಲೂ ಕಾಲು ಗಂಟೆ ಓಡಲಿ. ಬಟ್ಟೆಯನ್ನು ಒಂದೇ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಫ್ಯಾನಿನಡಿ ಅಥವಾ ತೇವ ತೆಗೆಯುವ ಯಂತ್ರವಿದ್ದರೆ ಅದರ ಎದುರು ಒಣಗಿಸಿ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವೊಂದನ್ನು ಗೋಡೆಗೆ ಹಾಕಿ. 60ರ ಕೆಳಗಿದ್ದರೆ ಬೂಸ್ಟಿನ ಭಯವಿಲ್ಲ. ಯಂತ್ರವಿಲ್ಲದೆ ಮಳೆಗಾಲದಲ್ಲಿ ಅದು ಕಷ್ಟ, ಆದರೂ 70 ದಾಟದಂತೆ ನೋಡಿಕೊಳ್ಳಿ. ಹವಾನಿಯಂತ್ರಕವನ್ನು ರಾತ್ರಿಯಿಡೀ 18 ಡಿಗ್ರಿಯಲ್ಲಿ ಓಡಿಸಿ ಬೆಳಿಗ್ಗೆ ಕಿಟಕಿ ತೆರೆಯುವ ಅಭ್ಯಾಸವಿದ್ದರೆ ಬಿಡಿ, ತಣ್ಣಗಾದ ಗೋಡೆಗೆ ಹೊರಗಿನ ಗಾಳಿ ತಾಗಿ ಬೆವರುತ್ತದೆ. 25-26 ಡಿಗ್ರಿ ಸಾಕು.

ಚವತಿಗೆ ಊರಿಗೆ ಹೋಗಿ ಮನೆ ಮುಚ್ಚುವವರು ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಡಿ, ಕಪಾಟುಗಳ ಬಾಗಿಲು ತೆರೆದಿಡಿ, ಒಳಗೆ ಕ್ಯಾಲ್ಸಿಯಂ ಕ್ಲೋರೈಡಿನ ತೇವ ಹೀರುವ ಡಬ್ಬಿಗಳನ್ನಿಡಿ. ಅವು ಹೀರಿದ ನೀರು ಉಪ್ಪುನೀರಾಗಿ ತಳದಲ್ಲಿ ಸೇರುತ್ತದೆ, ಬಟ್ಟೆಯ ಮೇಲೆ ಮಗುಚದಂತೆ ನೆಲದಲ್ಲಿಡಿ. ನೀರಿನ ಮುಖ್ಯ ನಲ್ಲಿ ಮುಚ್ಚಿ ಹೋಗಿ.

ಪ್ರಶ್ನೆ: ಊರಿಂದ ತಂದ ಕೊಬ್ಬರಿ, ಶೇಂಗಾಕ್ಕೆ ಬೂಸ್ಟು ಬಂದರೆ ಆ ಭಾಗ ಕೆತ್ತಿ ಉಳಿದದ್ದನ್ನು ಬಳಸಬಹುದೇ? ಅತ್ತೆಯವರು ಹುರಿದರೆ ಸರಿಯಾಗುತ್ತದೆ ಎನ್ನುತ್ತಾರೆ.
— ವಾಶಿ

ಉತ್ತರ: ಬಳಸಬೇಡಿ. ಶೇಂಗಾ, ಕೊಬ್ಬರಿ, ಜೋಳಗಳಲ್ಲಿ ಬೆಳೆಯುವ ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿಸುತ್ತವೆ. ಅದು ಯಕೃತ್ತಿಗೆ ಕೆಡುಕು, ಕ್ಯಾನ್ಸರಿಗೂ ಕಾರಣವಾಗಬಲ್ಲದು. ಮನೆಯ ಹುರಿಯುವಿಕೆ, ಬೇಯಿಸುವಿಕೆಗೆ ಅದು ಪೂರ್ತಿ ನಾಶವಾಗುವುದಿಲ್ಲ, ಕಣ್ಣಿಗೆ ಕಾಣುವ ಬೂಸ್ಟಿನ ಆಚೆಗೂ ಹರಡಿರುತ್ತದೆ. ಎಣ್ಣೆ ತೆಗೆಸುವುದಕ್ಕೂ ಆ ಕೊಬ್ಬರಿ ಬೇಡ. ಅತ್ತೆಯವರ ಮನಸ್ಸಿನ ನೋವು ಊರಿನ ವಸ್ತು ದಂಡವಾಯಿತೆಂಬುದರದ್ದು. ಅವರಿಗೆ ಸಮಾಧಾನವಾಗಿ ವಿವರಿಸಿ. ಮುಂದಿನ ಸಲ ಮೇ ತಿಂಗಳಲ್ಲಿ ತಂದದ್ದನ್ನು ಎರಡು ಬಿಸಿಲು ಚೆನ್ನಾಗಿ ಕಾಯಿಸಿ, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿ, ಮಳೆಗಾಲಕ್ಕೆ ಬೇಕಾದಷ್ಟನ್ನು ಫ್ರಿಜ್‌ನಲ್ಲಿಡಿ.